ಬೆಳಕಿಂಡಿಯ ಮನೆ

ಹೊಸಪೇಟೆಯಲ್ಲಿ ನಮಗೆ ಬಾಡಿಗೆಮನೆ ಸಿಕ್ಕಿದ್ದನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಮ್ಮ ಯಜಮಾನರು ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಮಗಳಿಗೆ ನಾಲ್ಕು ತಿಂಗಳು. ದೂರದ ನೆಂಟರೊಬ್ಬರ ಪಡಸಾಲೆಯಲ್ಲಿ ಅಡ್ಡಲಾಗಿ ಸೀರೆ ಕಟ್ಟಿಕೊಂಡು ಇದ್ದೆವು. ಕೂಸು ಅತ್ತರೆ ಆ ಮನೆಯ ಅಜ್ಜ ಕೆಮ್ಮುತ್ತಿದ್ದರು. ಅದು ಕೆಮ್ಮಲ್ಲ, ನೋಟೀಸು. ದೀಪಾವಳಿಯೊಳಗೆ ಮನೆ ಸಿಗದಿದ್ದರೆ ನಾನು ಮಗಳನ್ನೆತ್ತಿಕೊಂಡು ಕಂಪ್ಲಿಯ ತವರಿಗೆ ಹೊರಡಬೇಕೆಂದು ತೀರ್ಮಾನವಾಗಿತ್ತು. ನನಗದು ಸುತರಾಂ ಬೇಕಿರಲಿಲ್ಲ. ನೋಡಿದ ಮನೆಗಳೋ, ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನಬೇಕು. ಅಷ್ಟು ಕೊಟ್ಟರೂ ಸಿಗುವುದು ಎಮ್ಮೆ ಕಟ್ಟುವ ಜಾಗದ ಪಕ್ಕ ಒಂದು ಕತ್ತಲೆ ಕೋಣೆ.

ಅಂಥದರಲ್ಲಿ ಈ ಮನೆ ಸಿಕ್ಕಿತು. ಹಿತ್ತಲಲ್ಲಿ ಸಿಹಿನೀರಿನ ಬಾವಿ, ಗೋಡೆಗೆ ಹೊಸ ಸುಣ್ಣ, ಬಾಡಿಗೆ ಮಾತ್ರ ಉಳಿದವರು ಕೇಳಿದ್ದರ ಅರ್ಧ. ಮಾಲೀಕರು ಕಬ್ಬು ಬೆಳೆಯುವ ಜಮೀನ್ದಾರರು. ಬೀದಿಯಲ್ಲೇ ನಿಂತು ಬೀಗದ ಕೈ ಕೊಟ್ಟರು.

“ನಾವು ಹೊಲದಾಗ ಗುಡಿಸಲು ಹಾಕ್ಕೊಂಡು ಅದೀವ್ರಿ. ನೀವು ಆರಾಮ ಇರ್ರಿ.”

ಕಬ್ಬು ಅರೆಯುವ ಕಾಲ, ಆಲೆಮನೆಯ ಕೆಲಸವಿದ್ದೀತು ಎಂದುಕೊಂಡೆವು. ಹಿಂದಿನ ವರ್ಷ ಊರಿಗೆ ಪ್ಲೇಗು ಬಂದಿದ್ದು ನಮಗೆ ಗೊತ್ತಿತ್ತು. ಪಕ್ಕದ ಎರಡು ಮನೆಗಳಿಗೆ ಇನ್ನೂ ಬೀಗ ಇದ್ದದ್ದೂ ಕಣ್ಣಿಗೆ ಬಿದ್ದಿತ್ತು. ಈ ಮನೆಯಲ್ಲಿ ಏನಾದರೂ ಆಗಿತ್ತೇ ಎಂದು ಒಂದು ಮಾತು ಕೇಳಬೇಕಿತ್ತು. ಕೇಳಿದರೆ ಇಷ್ಟು ಅಗ್ಗದ ಮನೆ ಎಲ್ಲಿ ಕೈತಪ್ಪೀತೋ ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡೆವು.

ನಡುಮನೆಯ ಮಾಳಿಗೆಯಲ್ಲೊಂದು ಬೆಳಕಿಂಡಿ. ಬೇರೆ ಮನೆಗಳಲ್ಲಿ ಅದು ಅಂಗೈಯಗಲ ಇರುತ್ತಿತ್ತು, ನಮ್ಮಲ್ಲಿ ತೊಟ್ಟಿಲು ಇಳಿಸುವಷ್ಟು. ಹೊತ್ತೇರಿದ ಮೇಲೆ ಅದರಿಂದ ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು. ಮಗಳಿಗೆ ಎಣ್ಣೆ ಹಚ್ಚಿ ಅಲ್ಲೇ ಮಲಗಿಸುತ್ತಿದ್ದೆ. ಅವಳು ಕಾಲು ಬಡಿದು ನಗುತ್ತಿದ್ದಳು.

ಮಾಲೀಕರು ದಿನಾ ಬೆಳಗ್ಗೆ ಬೀದಿಯಲ್ಲಿ ನಿಂತು ಕೂಗುತ್ತಿದ್ದರು. “ಎಲ್ಲಾರೂ ಆರಾಮ ಅದೀರೇನ್ರಿ? ಕೂಸಿನ ಮೈ ಬೆಚ್ಚಗೇನಿಲ್ಲಲ್ರಿ?”

“ಒಳಗ ಬರ್ರಿ, ಕುಂದ್ರಿ” ಎಂದರೆ, “ಬ್ಯಾಡ್ರಿ, ಅವಸರ ಐತಿ” ಎಂದು ಹೊರಟುಬಿಡುತ್ತಿದ್ದರು. ಇಂಥ ದೇವರಂಥ ಮಾಲೀಕರು ಇನ್ನೆಲ್ಲಿ ಸಿಗುತ್ತಾರೆ ಎಂದು ತವರಿಗೆ ಕಾಗದ ಕೂಡ ಬರೆಸಿದ್ದೆ, ದಡ್ಡಿ.

ಮೂರು ತಿಂಗಳಾದ ಮೇಲೆ ಒಂದು ದಿನ ಹೊತ್ತೇರಿ ಬಂದವರು ಬೇರೆ ಮಾತು ಆಡಿದರು.

“ಭಾಳ ಉಪಕಾರ ಆತ್ರಿ. ಇನ್ನ ಮನಿ ಬಿಡ್ರಿ, ನಾವು ಬರ್ತೀವಿ. ಹೋದ ವರ್ಷ ನಮ್ಮವ್ವ, ನಮ್ಮ ತಮ್ಮ, ಇಬ್ರೂ ಪ್ಲೇಗಿನಾಗ ಈ ನಡುಮನ್ಯಾಗ ಹೋದ್ರು. ಒಳಗ ಬಿಸಿಲು ಬಿದ್ರ ರೋಗ ಸಾಯ್ತೈತಿ ಅಂತ ಸರ್ಕಾರದವ್ರು ಮಾಳಿಗಿ ಒಡಿಸಿದ್ರು. ಆದ್ರೂ ನಮಗ ಧೈರ್ಯ ಬರ್ಲಿಲ್ಲ. ನಿಮ್ಮ ಕೂಸಿಗೆ ಏನೂ ಆಗ್ಲಿಲ್ಲ ನೋಡ್ರಿ, ಈಗ ಬಂತು.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಹಿಂತಿರುಗಿ ನೋಡಿದೆ. ಮಗಳು ಆ ಬಿಸಿಲಲ್ಲಿ ಮಲಗಿದ್ದಳು. ಓಡಿಹೋಗಿ ಎತ್ತಿಕೊಂಡೆ. ಅವಳ ಹಣೆ, ಕಂಕುಳು ಮುಟ್ಟಿ ನೋಡಿದೆ.

“ಏನಾರ ಆಗಿದ್ರ?” ಎಂದು ಕಿರುಚಿದೆ.

ಅವರು ನನ್ನ ಸಿಟ್ಟಿಗೆ ನಿಜವಾಗಿಯೂ ಬೆರಗಾದರು. “ಅದಕ್ಕ ದಿನಾ ಬಂದು ಕೇಳ್ತಿದ್ದೆನಲ್ಲವ್ವಾ?”

ಅವರ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬಂತು. ಬೇರೆ ಮನೆ ಹುಡುಕುವ ಮಾತೇ ಎತ್ತಲಿಲ್ಲ. ಕಂಪ್ಲಿಗೆ ಹೋಗುವುದೆಂದು ಅವತ್ತೇ ಗಂಟು ಕಟ್ಟಿದೆ. ನಾವು ಮೆಟ್ಟಿಲು ಇಳಿಯುವ ಹೊತ್ತಿಗೆ ಅವರ ಗಾಡಿ ಬಂದು ನಿಂತಿತು. ಅವರ ಸೊಸೆ ಇಳಿದಳು, ಕಂಕುಳಲ್ಲಿ ಕೂಸು. ನನ್ನನ್ನು ನೋಡಿ ತಲೆ ತಗ್ಗಿಸಿದಳು.

“ಎಷ್ಟು ತಿಂಗಳು?” ಎಂದೆ.

“ಏಳ್ರಿ” ಎಂದಳು.

ನನ್ನ ಮಗಳಿಗೂ ಏಳು.