ಪಾರ್ಲರ್ ಕೂದಲಿಗೆ ಒಂದು ಚೊಂಬು ಎಣ್ಣೆ

ಹುಡುಗಿಯರೇ, ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಬರುತ್ತಿದ್ದೇನೆ! ನಿಮಗೆ ತೋರಿಸಲೆಂದೇ ನಿನ್ನೆ ತಿಪಟೂರಿನ ಪಾರ್ಲರ್‌ನಲ್ಲಿ ಕೂದಲನ್ನು ರೇಷ್ಮೆಯಂತೆ ಮಾಡಿಸಿಕೊಂಡಿದ್ದೆ. ಇವತ್ತು ಬೆಳಿಗ್ಗೆ ಅತ್ತೆ ಚೊಂಬು ತುಂಬ ಕೊಬ್ಬರಿ ಎಣ್ಣೆ ಹಿಡಿದು ಬಂದರು.

“ಬೇಡ ಅತ್ತೆ! ಒಂದೊಂದು ಕೂದಲಿನ ಬುಡದಲ್ಲೂ ಎಣ್ಣೆ ಗ್ರಂಥಿ ಇರುತ್ತೆ. ಚರ್ಮವೇ ತನಗೆ ಬೇಕಾದ ಎಣ್ಣೆ ಮಾಡ್ಕೊಳ್ಳುತ್ತೆ,” ಎಂದು ಶಾಲೆಯ ಬಯಾಲಜಿಯನ್ನೆಲ್ಲ ಒಪ್ಪಿಸಿದೆ.

“ಅವಕ್ಕೂ ಒಂದಿನ ರಜ ಕೊಡು ಬುಡಮ್ಮ. ತೆಂಗಿನ ತೋಟದ ಸೊಸೆ ಒಣ ತಲೇಲಿ ತವರಿಗೆ ಹೋದ್ರೆ ನಮ್ ಮಾನ ಏನಾಗ್ಬೇಕು?” ಎನ್ನುತ್ತಾ ಅತ್ತೆ ಇಡೀ ಚೊಂಬನ್ನು ಸುರಿದೇಬಿಟ್ಟರು.

ಶಾಂಪೂ ಬಾಟಲಿ ಖಾಲಿಯಾಯಿತು, ಎಣ್ಣೆ ಹೋಗಲಿಲ್ಲ. ನನ್ನನ್ನು ಅಪ್ಪಿಕೊಳ್ಳುವವರು ದಯವಿಟ್ಟು ಹಳೇ ಬಟ್ಟೆ ಹಾಕಿಕೊಂಡೇ ಸ್ಟೇಷನ್‌ಗೆ ಬನ್ನಿ: ನಾಳೆ ಶನಿವಾರ, ಅರಸೀಕೆರೆ ಕಡೆಯಿಂದ ಬರುವ ಬೆಳಗಿನ ಪ್ಯಾಸೆಂಜರ್ ರೈಲು.