ಎರಡು ಬೆರಳ ನಡುವಿನ ಹೊಳೆ

“ಇಲ್ಲೇ ನಮ್ಮನೆ ಇತ್ತು” ಎಂದು ಮಲ್ಲಾಪುರದ ಬಸ್ಸಿನಲ್ಲಿ ಪಕ್ಕ ಕುಳಿತ ಅಜ್ಜಿ ನನ್ನ ಮೊಬೈಲ್ ನಕ್ಷೆಯ ಮೇಲೆ ಬೆರಳಿಟ್ಟರು. ಅಲ್ಲಿ ಅಣೆಕಟ್ಟಿನ ಹಿನ್ನೀರು ನೀಲಿಯಾಗಿ ಹರಡಿತ್ತು. ಎರಡು ಬೆರಳು ಅಗಲಿಸಿದರೆ ಚಿತ್ರ ದೊಡ್ಡದಾಗುತ್ತದೆಂದು ತೋರಿಸಿಕೊಟ್ಟೆ. ಗದ್ದೆ ಕೆಲಸದಲ್ಲಿ ಸವೆದ ಅವರ ಬೆರಳಿಗೆ ಪರದೆ ಮೊದಲು ಮಿಸುಕಲಿಲ್ಲ. ಆಮೇಲೆ ನೀರು ಹಿಗ್ಗಿತು. ಅಡಿಯಲ್ಲಿ ಅಂಗಳ ಕಂಡೀತೆಂದು ಅವರು ಮತ್ತೆ ಮತ್ತೆ ಬೆರಳು ಅಗಲಿಸಿದರು.

“ನೀರೇ ದೊಡ್ಡದಾಗ್ತದಲಾ ತಂಗಿ, ಮನೆ ಎಲ್ಲದೆ?”

ಅವರೇ ಬೆರಳುಗಳನ್ನು ಮೆಲ್ಲಗೆ ಕೂಡಿಸಿದರು. ಹಿನ್ನೀರು ಕುಗ್ಗಿ ಕುಗ್ಗಿ ನೂಲಿನೆಳೆಯಷ್ಟಾಯಿತು.

“ಮೊದ್ಲು ನಮ್ಮ ಹೊಳೆ ಇಷ್ಟೇ ಇತ್ತು” ಎಂದು ಮೊಬೈಲ್ ಮರಳಿಸಿದರು.

ಅವರು ಕದ್ವಾಡದಲ್ಲಿ ಇಳಿದುಹೋದರು. ನನ್ನ ಊರು ಬರುವವರೆಗೂ ಆ ನಕ್ಷೆಯನ್ನು ಮತ್ತೆ ದೊಡ್ಡದು ಮಾಡಲು ನನಗೆ ಕೈ ಬರಲಿಲ್ಲ.