ಗುಬ್ಬಿಯಲ್ಲಿ ನಮ್ಮ ಬಿಳಿಜೋಳ

ಮಳೆ ಬಂದರೆ ಬೆಳೆಗೆ ತಗಡು ಮುಚ್ಚುವ ಸೀಮೆಗೆ ಬಂದಿದ್ದೇನೆ ಅಂದರೆ ಇಂಡಿ ಕಡೆಯ ನೀವು ನಂಬಲಿಕ್ಕಿಲ್ಲ. ನಾವು ಮುಗಿಲು ನೋಡಿ ಕೈಮುಗಿಯುವವರು. ಇಲ್ಲಿ ಗುಬ್ಬಿ ಹತ್ತಿರದ ಹೊಲದಲ್ಲಿ ಹನಿ ಬಿದ್ದೊಡನೆ ಹಳಿಯ ಮೇಲೆ ಛಾವಣಿ ತಳ್ಳುವುದೇ ನನ್ನ ಕೆಲಸ. ಬರ ತಾಳುವ ತಳಿ ಹುಡುಕಲು ಜರ್ಮನಿಯವರೂ ನಮ್ಮವರೂ ಸೇರಿ ಪೈರನ್ನು ಬೇಕಂತಲೇ ಬಾಯಾರಿಸುತ್ತಾರೆ.

ಆ ಹಳಿ ಬೆಸೆದವನೂ ನಾನೇ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ದುಡಿಯಲು ನಿಂತವನು, ಇಲ್ಲೇ ಹತ್ತಿರದ ಸತ್ಯಮಂಗಲದ ವೆಲ್ಡಿಂಗ್ ಶೆಡ್ಡಿಗೆ ಬಂದೆ. ಹಳಿಯ ಕೆಲಸ ನೋಡಿ ಪ್ರಾಜೆಕ್ಟಿನವರೇ ಹೊಲದಲ್ಲಿ ಇಟ್ಟುಕೊಂಡರು.

ಮೊದಮೊದಲು ನಾನು ಬಾಯಿ ಬಿಟ್ಟರೆ ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ‘ಬುಡು’ ಅಂದರೆ ‘ಬಿಡು’ ಎಂದು ಕಲಿಸಿದವನು ಹೊಲದ ಮೇಸ್ತ್ರಿ ಸಿದ್ಲಿಂಗಣ್ಣ. ಮುದ್ದೆ ನುಂಗಿಸಿದವನೂ ಅವನೇ. “ಅಗೀಬ್ಯಾಡ ಕಣ್ಲಾ, ಅದೇನು ನಿಮ್ಮ ರೊಟ್ಟಿನಾ?”

ಬೀಜ ಕೊಡುವಾಗ ನಮ್ಮಲ್ಲಿ ಕರಾರು ಮಾತಾಡುವುದಿಲ್ಲ, ನಿಮಗೆ ಗೊತ್ತು. ಒಡ್ಡಿದ ಉಡಿಗೆ ಸುರಿಯುತ್ತೇವೆ. ಮುಂದಿನ ಸುಗ್ಗಿಗೆ ಅಷ್ಟೂ ತಿರುಗಿ ಬರುತ್ತದೆ. ಅಕ್ಕ ಉಳಿಸಿಕೊಂಡು ಬಂದ ಬಿಳಿಜೋಳವನ್ನು ಪ್ರಯೋಗಕ್ಕೆಂದು ತಂದಾಗ ಸಿದ್ಲಿಂಗಣ್ಣ ಟವೆಲ್ ಒಡ್ಡಿ ಈಸಿಕೊಂಡ. “ನಮ್ಮಲ್ಲೂ ರಾಗಿಗೆ ಹಿಂಗೇಯ ಕಣೋ” ಅಂದ. ನನಗೆ ಅಷ್ಟೇ ಸಾಕಾಯಿತು.

ಛಾವಣಿಯಡಿ ಬೇರೆ ಜೋಳವೆಲ್ಲ ಸುರುಟಿದಾಗ ನಮ್ಮದು ನಿಂತಿತ್ತು. ಜರ್ಮನಿಯ ಮೇಡಂ ಬಂದು ಕೈಕುಲುಕಿದರು. ಅದೇ ವರ್ಷ ಊರಲ್ಲಿ ಅಕಾಲದ ಮಳೆ ನೆಲದಡಿಯ ಹಗೇವಿಗೆ ನುಗ್ಗಿ ಅಕ್ಕನ ಬೀಜವೆಲ್ಲ ಕೊಳೆಯಿತು. ಉಳಿದವರು ಆಗಲೇ ಕಬ್ಬಿಗೆ ತಿರುಗಿದ್ದರು. ಕೊಟ್ಟಷ್ಟು ಬೀಜ ತಿರುಗಿ ಕೊಡು ಎಂದು ನಾನು ಸಿದ್ಲಿಂಗಣ್ಣನನ್ನು ಕೇಳಿದೆ.

“ಅದೀಗ ಪ್ರಾಜೆಕ್ಟ್ ಬೀಜ ಕಣೋ. ಒಂದು ಕಾಳೂ ಆಚೆಗೆ ಹೋಗಂಗಿಲ್ಲ.”

“ಟವೆಲ್ ಒಡ್ಡಿದವ ನೀನಲ್ಲೇನು?”

“ಏನ್ಲಾ, ಹಳ್ಳಿ ಲೆಕ್ಕಾನ ಜರ್ಮನಿಯವ್ರಿಗೆ ಹೇಳಕ್ಕಾಯ್ತದಾ? ಬುಡು ಅತ್ಲಾಗೆ.”

ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಉಡಿಯ ಮಾತು ಗೊತ್ತಿಲ್ಲ. ಇವನಿಗೆ ಗೊತ್ತಿತ್ತು. ಅವತ್ತಿನಿಂದ ಅವನೆದುರು ಊಟಕ್ಕೆ ಕೂತಿಲ್ಲ. ಒಂದು ಹಿಡಿ ಜೇಬಿಗೆ ಹಾಕಿಕೊಳ್ಳಬಹುದಿತ್ತು, ಯಾರೂ ನೋಡುತ್ತಿರಲಿಲ್ಲ. ಆದರೆ ನನ್ನದನ್ನು ನಾನೇಕೆ ಕದಿಯಲಿ?

ಈ ಹಿಂಗಾರಿಗೆ ಅದನ್ನೇ ಮತ್ತೆ ಬಿತ್ತಿದೆವು. ಅಕ್ಕ ಫೋನ್ ಮಾಡಿದಳು.

“ಇಲ್ಲಿ ಹೊಲ ಬೀಳು ಬಿದ್ದೈತಿ. ಅಲ್ಲಿ ಬಿತ್ತಿದ್ರೇನು?”

“ಬಿತ್ತೀವಿ.”

“ಚಲೋ ಹುಟ್ಟೈತೇನು?”

“ಹುಟ್ಟೈತಿ. ಕೆಂಪು ಮಣ್ಣಿಗೂ ಒಗ್ಗೈತಿ ಅಕ್ಕಾ.”



“ನಿನಗೂ ಒಗ್ಗೈತಿ ಬಿಡು” ಅಂದಳು.